ಓಟಗಾರರ ಮನೆಯವರಿಗೂ ನಿಲ್ಲಲು ಒಂದು ಜಾಗ ಬೇಕು

ಮಾನ್ಯ ಸಂಪಾದಕರೇ,

ಮ್ಯಾರಥಾನ್ ಅಥವಾ ಹಾಫ್ ಮ್ಯಾರಥಾನ್ ನಡೆದ ಮರುದಿನ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸುದ್ದಿಗಳಿರುತ್ತವೆ. ಗೆದ್ದವರ ಚಿತ್ರ ಮತ್ತು ಅವರು ತೆಗೆದುಕೊಂಡ ಸಮಯ ಒಂದು ಕಡೆ, ರಸ್ತೆ ಬಂದ್ ಆಗಿ ಪರದಾಡಿದವರ ಅಳಲು ಇನ್ನೊಂದು ಕಡೆ. ಇವೆರಡೂ ಬರಬೇಕಾದ ಸುದ್ದಿಗಳೇ. ಆದರೆ ಬೆಳಕು ಹರಿಯುವ ಮೊದಲೇ ಎದ್ದು ಬಂದು, ತಮ್ಮವರೊಬ್ಬರು ಅರ್ಧ ನಿಮಿಷ ಕಣ್ಣಿಗೆ ಬಿದ್ದು ಮರೆಯಾಗುವುದನ್ನು ನೋಡಲು ಗಂಟೆಗಟ್ಟಲೆ ರಸ್ತೆಯಂಚಿನಲ್ಲಿ ಕಾದು ನಿಂತವರ ಬಗ್ಗೆ ಎಲ್ಲಿಯೂ ಒಂದು ಸಾಲು ಕಾಣುವುದಿಲ್ಲ. ಐವತ್ತು ದಾಟಿದ ಮೇಲೆ, ಇತ್ತೀಚೆಗಷ್ಟೇ ಮೊದಲ ಹಾಫ್ ಮ್ಯಾರಥಾನ್ ಓಡಿ ಮುಗಿಸಿದ ನಾನು ಈ ಪತ್ರ ಬರೆಯುತ್ತಿರುವುದು ಅವರ ಪರವಾಗಿ. ಓಟಗಾರರ ವಿಷಯದಲ್ಲಿ ತೋರಿಸುವಷ್ಟೇ ಕಾಳಜಿಯಿಂದ, ಅವರನ್ನು ಹುರಿದುಂಬಿಸಲು ಬರುವ ಮನೆಮಂದಿಗೂ ಮಾಹಿತಿ ಮತ್ತು ಜಾಗ ಒದಗಿಸಬೇಕೆಂಬುದು ಸಂಘಟಕರಲ್ಲಿ ನನ್ನ ಬಿನ್ನಹ. ಆ ಮಾಹಿತಿಯನ್ನು ಓಟಕ್ಕೆ ಮುಂಚೆಯೇ ಪ್ರಕಟಿಸಬೇಕೆಂಬುದು ತಮ್ಮಲ್ಲಿ.

ಇದೇನು ಹೊಸ ಬಗೆಯ ಉಪಚಾರ ಎಂದು ಯಾರಾದರೂ ಹುಬ್ಬೇರಿಸಿದರೆ, ಹಾಫ್ ಮ್ಯಾರಥಾನ್‌ನ ಉದ್ದವಾದ 21.0975 ಕಿಲೊಮೀಟರ್ ಎಂಬ ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಎಂಬುದನ್ನು ಅವರಿಗೆ ನೆನಪಿಸಬೇಕಾಗುತ್ತದೆ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಟದ ಉದ್ದ ಸುಮಾರು 40 ಕಿಲೊಮೀಟರ್ ಇತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟವು ವಿಂಡ್ಸರ್ ಅರಮನೆಯ ಆವರಣದಲ್ಲಿ ಆರಂಭವಾಗಿ, ಕ್ರೀಡಾಂಗಣದಲ್ಲಿ ರಾಜಮನೆತನದವರ ಆಸನಗಳ ಎದುರಿಗೆ ಮುಗಿಯುವಂತೆ ಏರ್ಪಾಡಾಯಿತು. ಹಾಗೆ ಅಳೆದಾಗ ಸಿಕ್ಕ 42.195 ಕಿಲೊಮೀಟರ್ ದೂರವನ್ನೇ 1921ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟವು ಅಧಿಕೃತ ದೂರವೆಂದು ಗೊತ್ತುಮಾಡಿತು. ನಾವು ಓಡುವುದು ಅದರ ಕರಾರುವಾಕ್ಕಾದ ಅರ್ಧ. ಅಂದರೆ ನೋಡುವವರು ಎಲ್ಲಿ ಕುಳಿತಿರುತ್ತಾರೆ ಎಂಬುದರ ಮೇಲೆ ಓಟದ ಉದ್ದವೇ ನಿರ್ಧಾರವಾದ ಕ್ರೀಡೆಯಿದು. ಅಂದು ಕುಳಿತವರು ರಾಜ ಪರಿವಾರದವರು ಎಂಬುದು ನಿಜ. ಇಂದಿನ ಸಾಮಾನ್ಯ ಓಟಗಾರನ ಹೆಂಡತಿ, ಮಕ್ಕಳು, ವಯಸ್ಸಾದ ತಂದೆ ತಾಯಿಯರು ಓಟದ ಉದ್ದವನ್ನು ಬದಲಾಯಿಸಿ ಎಂದು ಕೇಳುತ್ತಿಲ್ಲ. ಎಲ್ಲಿ ನಿಂತರೆ ತಮ್ಮವರು ಕಾಣುತ್ತಾರೆ, ಅಲ್ಲಿಗೆ ತಲುಪುವುದು ಹೇಗೆ ಎಂದಷ್ಟೇ ಕೇಳುತ್ತಿದ್ದಾರೆ.

ಈಗಿರುವ ಪದ್ಧತಿಯನ್ನು ಗಮನಿಸಿ. ಧ್ವನಿವರ್ಧಕ, ಸಂಗೀತ, ನಿರೂಪಕರ ಅಬ್ಬರ, ಛಾಯಾಗ್ರಾಹಕರು, ಪ್ರಾಯೋಜಕರ ಕಮಾನುಗಳು ಎಲ್ಲವೂ ಆರಂಭದ ಗೆರೆ ಮತ್ತು ಅಂತಿಮ ಗೆರೆಗಳ ಬಳಿಯೇ ಗುಂಪಾಗಿರುತ್ತವೆ. ನೋಡಲು ಬಂದವರೂ ಸಹಜವಾಗಿ ಅಲ್ಲಿಯೇ ನಿಲ್ಲುತ್ತಾರೆ. ಆದರೆ ಓಡುವವನಿಗೆ ಹುರುಪು ತುಂಬುವವರು ಅತಿ ಕಡಿಮೆ ಬೇಕಾಗುವುದು ಆರಂಭದಲ್ಲಿ. ಮೊದಲ ಮೂರು ನಾಲ್ಕು ಕಿಲೊಮೀಟರ್‌ಗಳಲ್ಲಿ ಕಾಲುಗಳು ಹಗುರವಾಗಿರುತ್ತವೆ, ಸುತ್ತಲೂ ಜನವಿರುತ್ತಾರೆ, ಉತ್ಸಾಹ ಎಷ್ಟಿರುತ್ತದೆಯೆಂದರೆ ತರಬೇತಿಯಲ್ಲಿ ರೂಢಿಸಿಕೊಂಡ ವೇಗವನ್ನು ಮೀರದಂತೆ ತಡೆದುಕೊಳ್ಳುವುದೇ ಕಷ್ಟವಾಗುತ್ತದೆ. ಆ ಹೊತ್ತಿನಲ್ಲಿ ಮೊಳಗುವ ಡೋಲು, ಕಿರುಚಾಟಗಳು ಹೊಸ ಓಟಗಾರನಿಗೆ ನಿಜಕ್ಕೂ ಅಪಕಾರವನ್ನೇ ಮಾಡುತ್ತವೆ ಎಂಬುದು ನನ್ನ ಅಭಿಪ್ರಾಯ. ಮೊದಲ ಕಿಲೊಮೀಟರ್‌ನಲ್ಲಿ ಮಾಡಿದ ದುಂದುವೆಚ್ಚವನ್ನು ಹದಿನೈದನೆಯದರಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಇನ್ನು ಅಂತಿಮ ಗೆರೆಯ ಹತ್ತಿರದ ಕೊನೆಯ ನೂರಿನ್ನೂರು ಮೀಟರ್‌ಗಳಲ್ಲಿ ಗೆರೆಯೇ ಕಾಣುತ್ತಿರುವುದರಿಂದ ಯಾರೂ ಬೆನ್ನು ತಟ್ಟದಿದ್ದರೂ ಕಾಲು ತಾನಾಗಿ ಸಾಗುತ್ತದೆ.

ಕಷ್ಟವಿರುವುದು ಹದಿನಾಲ್ಕರಿಂದ ಹತ್ತೊಂಬತ್ತನೆಯ ಕಿಲೊಮೀಟರ್‌ವರೆಗೆ. ಪೂರ್ಣ ಮ್ಯಾರಥಾನ್‌ನಲ್ಲಿ ಮೂವತ್ತು ಕಿಲೊಮೀಟರ್ ದಾಟಿದ ಮೇಲೆ ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾದ ಗ್ಲೈಕೊಜನ್ ಎಂಬ ಸಕ್ಕರೆಯ ದಾಸ್ತಾನು ಬರಿದಾಗಿ ಓಟಗಾರ ಏಕಾಏಕಿ ಕುಸಿಯುವುದನ್ನು ಎಲ್ಲರೂ ಕೇಳಿರುತ್ತಾರೆ. ಹಾಫ್ ಮ್ಯಾರಥಾನ್‌ನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಒಂದು ಕಿಲೊಮೀಟರ್ ಓಡಲು ದೇಹದ ತೂಕದ ಪ್ರತಿ ಕಿಲೊಗೆ ಸುಮಾರು ಒಂದು ಕಿಲೊಕ್ಯಾಲರಿ ಖರ್ಚಾಗುತ್ತದೆ ಎಂಬ ಲೆಕ್ಕದಲ್ಲಿ, 65 ಕಿಲೊ ತೂಗುವವರಿಗೆ ಇಡೀ ಓಟಕ್ಕೆ 1,300ರಿಂದ 1,400 ಕಿಲೊಕ್ಯಾಲರಿ ಸಾಕು. ದೇಹದಲ್ಲಿ ಗ್ಲೈಕೊಜನ್ ರೂಪದಲ್ಲಿರುವ ದಾಸ್ತಾನು ಸರಿಸುಮಾರು 2,000 ಕಿಲೊಕ್ಯಾಲರಿಯಷ್ಟಿರುತ್ತದೆ. ಹಾಗಿದ್ದರೂ ತೊಡೆಗಳು ಪ್ರತಿ ಹೆಜ್ಜೆಯ ಹೊಡೆತವನ್ನು ತಡೆದು ತಡೆದು ಬಿಗಿದುಕೊಂಡಿರುತ್ತವೆ. ವ್ಯಯವಾಗುವ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಭಾಗ ಬರಿಯ ಶಾಖವಾಗಿ ಪರಿಣಮಿಸುವುದರಿಂದ, ಬಿಸಿಲೇರಿದಂತೆಲ್ಲ ಮೈಯನ್ನು ತಣ್ಣಗಿಡುವುದಕ್ಕೇ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ. ಇವೆಲ್ಲದರ ಮೇಲೆ ಇನ್ನೊಂದು ಸಂಗತಿಯಿದೆ. ಹೊಸಬರಿಗಾಗಿ ರೂಪಿಸಿದ ಅನೇಕ ತರಬೇತಿ ಕ್ರಮಗಳಲ್ಲಿ ವಾರಾಂತ್ಯದ ಉದ್ದದ ಓಟ ಹದಿನಾರು ಹದಿನೆಂಟು ಕಿಲೊಮೀಟರ್‌ಗೆ ನಿಲ್ಲುತ್ತದೆ. ಅಲ್ಲಿಂದ ಮುಂದಿನ ದೂರವನ್ನು ಕಾಲುಗಳು ಜೀವಮಾನದಲ್ಲೇ ಮೊದಲ ಬಾರಿ ಕಾಣುತ್ತಿರುತ್ತವೆ. ಆ ದಾರಿಯೇ ಎಲ್ಲಕ್ಕಿಂತ ನಿರ್ಜನವಾಗಿರುತ್ತದೆ. ಎರಡೂ ಬದಿಗೆ ಬ್ಯಾರಿಕೇಡ್, ದೂರದಲ್ಲೊಬ್ಬ ಸ್ವಯಂಸೇವಕ, ತುಳಿದು ಚಪ್ಪಟೆಯಾದ ಕಾಗದದ ಲೋಟಗಳು, ಮುಂದೆ ಯಾರದೋ ಬೆನ್ನು.

ನನ್ನ ಅದೃಷ್ಟಕ್ಕೆ, ನಮ್ಮ ಮನೆಯವರು ನಿಂತದ್ದು ಅಲ್ಲಿಯೇ. ಇದು ಯಾವ ಕೈಪಿಡಿಯಲ್ಲಿಯೂ ಇರಲಿಲ್ಲ. ನಮ್ಮ ಮಗಳು ಹಿಂದಿನ ರಾತ್ರಿ ಓಟದ ನಕ್ಷೆಯನ್ನು ಹರಡಿಕೊಂಡು ಕುಳಿತು, ಹದಿನಾರನೆಯ ಕಿಲೊಮೀಟರ್‌ನ ಹತ್ತಿರ ಮುಚ್ಚಿದ ರಸ್ತೆಯನ್ನು ದಾಟದೆಯೇ ತಲುಪಬಹುದಾದ ಒಂದು ತಿರುವನ್ನು ಕಂಡುಹಿಡಿದಳು. ಆಮೇಲೆ ಲೆಕ್ಕ ಹಾಕಿದಳು. ಕಿಲೊಮೀಟರ್‌ಗೆ ಏಳು ನಿಮಿಷದ ವೇಗದಲ್ಲಿ ಹೋದರೆ ಅಲ್ಲಿಗೆ ಒಂದು ಗಂಟೆ ಐವತ್ತೆರಡು ನಿಮಿಷ; ಆದರೆ ಸಾವಿರಾರು ಜನರ ಗುಂಪಿನಲ್ಲಿ ಹಿಂದೆ ನಿಂತವನು ಆರಂಭದ ಗೆರೆಯನ್ನು ಮುಟ್ಟುವುದೇ ಗುಂಡು ಹಾರಿದ ಹಲವು ನಿಮಿಷಗಳ ಮೇಲೆ, ಎದೆಗೆ ಸಿಕ್ಕಿಸಿಕೊಂಡ ಸಂಖ್ಯೆಯ ಹಾಳೆಯಾದ ಬಿಬ್‌ನಲ್ಲಿರುವ ಚಿಪ್ ಸಮಯವನ್ನು ಎಣಿಸಲು ಶುರುಮಾಡುವುದು ಆ ಗೆರೆಯ ಮೇಲಿನ ಮ್ಯಾಟನ್ನು ತುಳಿದಾಗ. ಈ ವ್ಯತ್ಯಾಸ ಗೊತ್ತಿಲ್ಲದ ಎಷ್ಟೋ ಕುಟುಂಬಗಳು, ಹೇಳಿದ ಹೊತ್ತಿಗೆ ತಮ್ಮವರು ಬಾರದಿದ್ದಾಗ, ಅವರಿಗೇನೋ ಆಗಿರಬೇಕೆಂದು ಗಾಬರಿಗೊಳ್ಳುತ್ತವೆ. ಇಲ್ಲವೇ, ಆಗಲೇ ದಾಟಿ ಹೋಗಿರಬೇಕೆಂದು ಅಂತಿಮ ಗೆರೆಯ ಕಡೆಗೆ ಧಾವಿಸುತ್ತವೆ. ನಮ್ಮವರ ಪಕ್ಕದಲ್ಲಿ ನಿಂತಿದ್ದ ಒಂದು ಕುಟುಂಬ ಹೀಗೆಯೇ ಹೊರಟುಹೋಯಿತಂತೆ. ಅವರು ಕಾಯುತ್ತಿದ್ದ ಹೆಣ್ಣುಮಗಳು ಆಮೇಲೆ ಸ್ವಲ್ಪ ಹೊತ್ತಿಗೆ ಅದೇ ತಿರುವಿನಲ್ಲಿ ಅತ್ತ ಇತ್ತ ಕಣ್ಣು ಹಾಯಿಸುತ್ತ ಓಡಿ ಹೋದಳು ಎಂದು ನನ್ನ ಹೆಂಡತಿ ಈಗಲೂ ಬೇಸರದಿಂದ ಹೇಳುತ್ತಾಳೆ.

ನಾನು ಆ ತಿರುವಿಗೆ ಬಂದಾಗ ನಮ್ಮ ತಂದೆಯವರು ಬ್ಯಾರಿಕೇಡಿನ ಕಬ್ಬಿಣದ ಮೇಲೆ ತಮ್ಮ ಊರುಗೋಲಿನಿಂದ ಟಣ್ ಟಣ್ ಎಂದು ಬಡಿಯುತ್ತಿದ್ದರು. ಮಗಳು "ಅಪ್ಪಾ, ಎಡಗಡೆ!" ಎಂದು ಕೂಗಿದಳು, ಯಾವ ಬದಿಗೆ ನಿಂತಿರುತ್ತೇವೆಂದು ಮೊದಲೇ ಮಾತಾಡಿಕೊಂಡಿದ್ದರೂ ಆ ದಣಿವಿನಲ್ಲಿ ನನಗದು ಮರೆತೇ ಹೋಗಿತ್ತು. ನನ್ನ ಹೆಂಡತಿ ಕೂಗಲಿಲ್ಲ. ನಾನು ಸಮೀಪಿಸುವವರೆಗೂ ದಿಟ್ಟಿಸಿ ನೋಡುತ್ತಿದ್ದು, ಪಕ್ಕಕ್ಕೆ ಬಂದೊಡನೆ, "ರೀ, ಬಲಗಡೆ ಭುಜ ಕಿವಿಗೆ ಹತ್ತಿದೆ, ಇಳಿಸಿ" ಎಂದಳು. ಅಷ್ಟೇ. ಭುಜ ಇಳಿಸಿದೆ. ಮುಷ್ಟಿ ಸಡಿಲವಾಯಿತು, ಉಸಿರು ಹೊಟ್ಟೆಯವರೆಗೆ ಇಳಿಯಿತು, ಮುಂದಿನ ಎರಡು ಕಿಲೊಮೀಟರ್‌ಗಳನ್ನು ಅದರ ಬಲದಲ್ಲಿಯೇ ದಾಟಿದೆ. ಬೇಸರವಾದಾಗ, ಕೋಪ ಬಂದಾಗ ನನ್ನ ಬಲ ಭುಜ ಹಾಗೆ ಮೇಲೇರುತ್ತದೆಂಬುದು ಅವಳಿಗೆ ವರ್ಷಗಳಿಂದ ಗೊತ್ತು. ದಾರಿಯುದ್ದಕ್ಕೂ ಚಪ್ಪಾಳೆ ತಟ್ಟಿದ ನೂರಾರು ಅಪರಿಚಿತರಿಗೆ, ಅವರ ಒಳ್ಳೆಯತನಕ್ಕೆ ನಾನು ಋಣಿಯಾಗಿದ್ದರೂ, ಅದು ತಿಳಿಯುವ ಬಗೆಯಿರಲಿಲ್ಲ.

ಆದ್ದರಿಂದ ಏನನ್ನು ಕೂಗಬೇಕು ಎಂಬುದರ ಬಗ್ಗೆಯೂ ಎರಡು ಮಾತು ಹೇಳುವ ಸ್ವಾತಂತ್ರ್ಯ ತೆಗೆದುಕೊಳ್ಳುತ್ತೇನೆ. "ಇನ್ನೇನು ಬಂತು, ಸ್ವಲ್ಪವೇ ಉಳಿದಿದೆ" ಎಂಬ ಮಾತನ್ನು ದಯವಿಟ್ಟು ಹನ್ನೆರಡನೆಯ ಕಿಲೊಮೀಟರ್‌ನಲ್ಲಿ ಹೇಳಬಾರದು. ಹೇಳುವವರ ಮನಸ್ಸು ಒಳ್ಳೆಯದೇ, ಆದರೆ ಇನ್ನೂ ಒಂಬತ್ತು ಕಿಲೊಮೀಟರ್ ಬಾಕಿಯಿರುವವನ ಕಿವಿಗೆ ಅದು ಹಾಸ್ಯದಂತೆ ಕೇಳುತ್ತದೆ. ಎಷ್ಟು ಉಳಿದಿದೆ ಎಂಬುದು ಖಚಿತವಾಗಿ ಗೊತ್ತಿದ್ದರೆ ಅಂಕಿಯನ್ನೇ ಹೇಳಲಿ. ಗೊತ್ತಿಲ್ಲದಿದ್ದರೆ ಹೆಸರು ಹಿಡಿದು ಕೂಗಲಿ. ಬಿಬ್‌ನ ಮೇಲೆ ಓಟಗಾರರ ಹೆಸರನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿದರೆ ಮನೆಯವರು ಬಾರದಿರುವವರಿಗೂ ಈ ಭಾಗ್ಯ ಸಿಗುತ್ತದೆ. ಪ್ರಾಯೋಜಕರ ಲಾಂಛನಗಳ ನಡುವೆ ಇರುವೆಯ ಸಾಲಿನಂತೆ ಮುದ್ರಿಸಿದ ಹೆಸರನ್ನು ಯಾರೂ ಓದಲಾರರು. ಬ್ರಿಟನ್ನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ವ್ಯಾಯಾಮದ ಸೈಕಲ್ ತುಳಿಯುತ್ತಿದ್ದವರಿಗೆ ಪರದೆಯ ಮೇಲೆ ಗಮನಕ್ಕೂ ಬಾರದಷ್ಟು ಕ್ಷಣಿಕವಾಗಿ ನಗುಮುಖಗಳನ್ನು ತೋರಿಸಿದಾಗ, ದುಃಖದ ಮುಖಗಳನ್ನು ತೋರಿಸಿದಾಗಿನದಕ್ಕಿಂತ ಅವರು ಹೆಚ್ಚು ಹೊತ್ತು ತುಳಿದರು. ಅದು ಪ್ರಯೋಗಶಾಲೆಯ ಮಾತು, ಕೆಲವೇ ಜನರ ಮೇಲೆ ನಡೆದದ್ದು, ರಸ್ತೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ದಣಿವೆಂಬುದು ಸ್ನಾಯುಗಳ ಲೆಕ್ಕ ಮಾತ್ರವಲ್ಲ ಎಂಬುದನ್ನು ಹದಿನೆಂಟನೆಯ ಕಿಲೊಮೀಟರ್ ಕಂಡವರು ಅಲ್ಲಗಳೆಯಲಾರರು.

ಪ್ರೀತಿಗೂ ಒಂದು ಗೆರೆಯಿದೆ, ಅದನ್ನು ಮನೆಯವರಿಗೆ ಮೊದಲೇ ತಿಳಿಸುವ ಹೊಣೆ ಸಂಘಟಕರದು. ಹುರಿದುಂಬಿಸುವುದು ಬೇರೆ, ಕೈಹಿಡಿದು ನಡೆಸುವುದು ಬೇರೆ. 1908ರ ಅದೇ ಲಂಡನ್ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮುಂದಾಗಿ ಕ್ರೀಡಾಂಗಣವನ್ನು ಪ್ರವೇಶಿಸಿದರೂ, ದಿಕ್ಕು ತಪ್ಪಿ, ಮತ್ತೆ ಮತ್ತೆ ಬಿದ್ದು, ಕೊನೆಗೆ ಅಧಿಕಾರಿಗಳ ಆಸರೆಯಿಂದ ಗೆರೆ ದಾಟಿದರು. ಸಹಾಯ ಪಡೆದರೆಂಬ ಕಾರಣಕ್ಕೆ ಅವರನ್ನು ಅನರ್ಹಗೊಳಿಸಿ ಅಮೆರಿಕದ ಜಾನಿ ಹೇಯ್ಸ್ ಅವರಿಗೆ ಚಿನ್ನದ ಪದಕ ಕೊಡಲಾಯಿತು. ಮರುದಿನ ರಾಣಿ ಅಲೆಕ್ಸಾಂಡ್ರಾ ಪಿಯೆಟ್ರಿಗೆ ಬೆಳ್ಳಿಯ ಬಟ್ಟಲೊಂದನ್ನು ಉಡುಗೊರೆಯಾಗಿ ಕೊಟ್ಟರೆಂಬುದು ಬೇರೆ ಮಾತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ 400 ಮೀಟರ್ ಸೆಮಿಫೈನಲ್‌ನಲ್ಲಿ ತೊಡೆಯ ಸ್ನಾಯು ಹರಿದು ಕುಂಟುತ್ತಿದ್ದ ಡೆರೆಕ್ ರೆಡ್ಮಂಡ್ ಅವರನ್ನು ಅವರ ತಂದೆ ಟ್ರ್ಯಾಕಿಗಿಳಿದು ತಬ್ಬಿ ನಡೆಸಿದ ದೃಶ್ಯಕ್ಕೆ ಕಣ್ಣೀರಿಡದವರು ಕಡಿಮೆ. ಆದರೆ ಆ ಓಟದ ಫಲಿತಾಂಶದಲ್ಲಿ ಡೆರೆಕ್ ಅವರ ಸಮಯ ದಾಖಲಾಗಿಲ್ಲ. ನಮ್ಮಂಥ ಹವ್ಯಾಸಿಗಳ ಓಟದಲ್ಲಿ ಪದಕದ ಪ್ರಶ್ನೆಯಿಲ್ಲದಿದ್ದರೂ, ಮೊಬೈಲ್ ಹಿಡಿದು ಚಿತ್ರೀಕರಿಸುತ್ತ ಜೊತೆಗೆ ಓಡುವವರು, ಮಗುವನ್ನು ಎತ್ತಿಕೊಂಡು ಅಡ್ಡ ಬರುವವರು ಹಿಂದಿನಿಂದ ಬರುವ ನೂರು ಜನರ ದಾರಿಯನ್ನು ಕೆಡಿಸುತ್ತಾರೆ.

ನೀರಿನ ವಿಷಯ ಇದಕ್ಕಿಂತ ಗಂಭೀರವಾದುದು. ಕಂಡಲ್ಲೆಲ್ಲ ಬಾಟಲಿ ಕೈಗಿಡುವುದೇ ಅಕ್ಕರೆ ಎಂದು ಮನೆಯವರು ತಿಳಿಯುವುದು ಸಹಜ, ಆದರೆ ಬಾಯಾರಿಕೆಯನ್ನು ಮೀರಿ ಕುಡಿದ ನೀರು ರಕ್ತದಲ್ಲಿನ ಸೋಡಿಯಂ ಪ್ರಮಾಣವನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಬಲ್ಲದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ಪರೀಕ್ಷಿಸಿದ ವೈದ್ಯರು, ಪರೀಕ್ಷೆಗೊಳಗಾದವರಲ್ಲಿ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಕೊರತೆ ಕಂಡರು. ಓಟದ ವೇಳೆಯಲ್ಲಿ ತೂಕ ಹೆಚ್ಚಿಸಿಕೊಂಡವರು, ನಾಲ್ಕು ಗಂಟೆಗಿಂತ ಹೆಚ್ಚು ಸಮಯ ತೆಗೆದುಕೊಂಡವರು ಇದಕ್ಕೆ ಹೆಚ್ಚಾಗಿ ಒಳಗಾಗಿದ್ದರು. ನಿಧಾನವಾಗಿ ಓಡುವ ಹೊಸಬರಿಗೆ ಕುಡಿಯಲು ಸಮಯವೂ ಹೆಚ್ಚು, ಕುಡಿಸುವವರೂ ಹೆಚ್ಚು. ಅಧಿಕೃತ ನೀರಿನ ಕೇಂದ್ರಗಳನ್ನು ಬಿಟ್ಟು ಬೇರೆಡೆ ಏನನ್ನೂ ಕೊಡಬಾರದು ಎಂಬ ಸೂಚನೆಯನ್ನು ಕಾರಣ ಸಮೇತ ತಿಳಿಸಿದರೆ ಯಾವ ಮನೆಯವರೂ ಮೀರುವುದಿಲ್ಲ. ಇದೇ ಸಂದರ್ಭದಲ್ಲಿ ಇನ್ನೊಂದನ್ನೂ ಅವರಿಗೆ ಹೇಳಿಕೊಡಬಹುದು. ತಮ್ಮವರ ಹೆಜ್ಜೆ ತೂರಾಡುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬರುತ್ತಿದ್ದರೆ, "ಬಿಡಬೇಡ, ಓಡು" ಎನ್ನದೆ ಓಟವನ್ನು ನಿಲ್ಲಿಸಿ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು. ಉಷ್ಣಾಘಾತದ ಈ ಮೊದಲ ಚಿಹ್ನೆಗಳು ಅಪರಿಚಿತ ಸ್ವಯಂಸೇವಕರಿಗೆ ಬರಿಯ ದಣಿವಿನಂತೆ ಕಂಡಾವು. ಮನೆಯವರಿಗೆ ದನಿ ಕೇಳಿದ ಕೂಡಲೇ ಗೊತ್ತಾಗುತ್ತದೆ. ವೈದ್ಯಕೀಯ ವ್ಯವಸ್ಥೆಗೆ ಹಣ ಸುರಿಯುವ ಸಂಘಟಕರು ಖರ್ಚಿಲ್ಲದೆ ಸಿಗುವ ಈ ಕಣ್ಣುಗಳನ್ನು ಏಕೆ ದೂರವಿಡುತ್ತಾರೋ ತಿಳಿಯದು.

ಜಗತ್ತಿನ ದೊಡ್ಡ ಓಟಗಳಲ್ಲಿ ಇದೆಲ್ಲ ಹೊಸದೇನಲ್ಲ. ಲಂಡನ್, ನ್ಯೂಯಾರ್ಕ್, ಬಾಸ್ಟನ್ ಮ್ಯಾರಥಾನ್‌ಗಳ ಸಂಘಟಕರು ನೋಡುಗರಿಗಾಗಿಯೇ ಪ್ರತ್ಯೇಕ ಮಾರ್ಗದರ್ಶಿ ಹೊರತರುತ್ತಾರೆ. ಚಿಪ್‌ನ ನೆರವಿನಿಂದ ಓಟಗಾರ ಎಲ್ಲಿದ್ದಾನೆಂದು ಮೊಬೈಲ್‌ನಲ್ಲಿ ತೋರಿಸುತ್ತಾರೆ. ಬಾಸ್ಟನ್‌ನಲ್ಲಿ ದಾರಿಯ ಅರ್ಧಭಾಗದ ಹತ್ತಿರ ವೆಲ್ಸ್‌ಲಿ ಕಾಲೇಜಿನ ವಿದ್ಯಾರ್ಥಿನಿಯರು ಸಾಲುಗಟ್ಟಿ ನಿಂತು ಎಬ್ಬಿಸುವ ಗದ್ದಲ ಆ ಓಟದ ಪರಂಪರೆಯ ಭಾಗವೇ ಆಗಿಬಿಟ್ಟಿದೆ. ಚಿಕ್ಕ ಪ್ರಮಾಣದ ಓಟಗಳಿಗೆ ಅಷ್ಟೆಲ್ಲ ಸಾಧ್ಯವಾಗದಿರಬಹುದು. ಆದರೆ ಹದಿನಾಲ್ಕರಿಂದ ಹತ್ತೊಂಬತ್ತನೆಯ ಕಿಲೊಮೀಟರ್‌ನ ನಡುವೆ ಮುಚ್ಚಿದ ರಸ್ತೆ ದಾಟದೆ ತಲುಪಬಹುದಾದ ಎರಡು ಮೂರು ಜಾಗಗಳನ್ನು ಗುರುತಿಸಿ, ಮೊದಲ ಓಟಗಾರ ಮತ್ತು ಕೊನೆಯ ಓಟಗಾರ ಅಲ್ಲಿಗೆ ಬರುವ ಅಂದಾಜು ಸಮಯವನ್ನು ನಕ್ಷೆಯಲ್ಲಿ ಬರೆಯುವುದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಅಲ್ಲೊಂದಿಷ್ಟು ನೆರಳು, ವಯಸ್ಸಾದವರು ಕೂರಲು ನಾಲ್ಕು ಕುರ್ಚಿ, ಶೌಚಾಲಯ ಇದ್ದರೆ ಸಾಕು. ನಮ್ಮ ತಂದೆಯವರು ಅಷ್ಟು ಹೊತ್ತೂ ಊರುಗೋಲನ್ನೇ ನೆಚ್ಚಿ ನಿಂತಿದ್ದರು. ಬೇಕೆಂದಾಗ ಅದನ್ನೆತ್ತಿ ಬಡಿದರು ಎಂಬುದು ಅವರ ಹುಮ್ಮಸ್ಸು, ವ್ಯವಸ್ಥೆಯ ಹೆಗ್ಗಳಿಕೆಯಲ್ಲ. ಪದಕ ಕೊಟ್ಟು ಹೊರಗೆ ಬಿಟ್ಟ ಮೇಲೆ ಮನೆಯವರನ್ನು ಸೇರಲು ಹೆಸರಿನ ಮೊದಲ ಅಕ್ಷರದ ಪ್ರಕಾರ ಫಲಕಗಳನ್ನು ನೆಟ್ಟರೆ, ನಡುಗುವ ಕಾಲುಗಳಲ್ಲಿ ಜನಜಂಗುಳಿಯೊಳಗೆ ಅವರನ್ನು ಹುಡುಕುವ ಪಾಡು ತಪ್ಪುತ್ತದೆ.

ರಸ್ತೆ ಬಂದ್‌ನಿಂದ ತೊಂದರೆಗೊಳಗಾಗುವ ನಿವಾಸಿಗಳ ದೂರನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಕೆಲವರ ಹವ್ಯಾಸಕ್ಕಾಗಿ ಉಳಿದವರು ಏಕೆ ಸುತ್ತುಬಳಸಿ ಹೋಗಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮುಚ್ಚಿದ ರಸ್ತೆ ಖಾಲಿಯಾಗಿ ಬಿದ್ದಿರುವುದನ್ನು ಕಂಡಾಗ ಆ ಸಿಟ್ಟು ಇಮ್ಮಡಿಯಾಗುತ್ತದೆ. ಯಾರು ಯಾವಾಗ ಓಡಿ ಬರುತ್ತಾರೆ, ಯಾವ ಹೊತ್ತಿಗೆ ರಸ್ತೆ ತೆರೆಯುತ್ತದೆ ಎಂಬುದು ತಿಳಿದಿದ್ದರೆ ಬಾಗಿಲಲ್ಲಿ ನಿಂತು ನೋಡೋಣವೆಂದು ಮಕ್ಕಳನ್ನು ಕರೆತರುವವರೂ ಅವರಲ್ಲಿ ಇದ್ದೇ ಇರುತ್ತಾರೆ. ಒಂಟಿಯಾಗಿ ಓಡಲು ಬಂದವರಿಗೆ, ಪರಸ್ಥಳದಿಂದ ಬಂದವರಿಗೆ, ನಿಗದಿತ ಸಮಯದ ಅಂಚಿನಲ್ಲಿ, ಹಿಂದುಳಿದವರನ್ನು ಹತ್ತಿಸಿಕೊಳ್ಳಲು ಹಿಂದೆ ಬರುವ ವಾಹನದ ಸದ್ದು ಕೇಳುತ್ತ ನಡೆಯುವವರಿಗೆ ಅಂಥ ಬಾಗಿಲುಗಳೇ ಮನೆಯವರು. ಎಷ್ಟೋ ಕಡೆ ಮುಂಚೂಣಿಯವರು ಹೋದ ಕೂಡಲೇ ಸಂಗೀತ ನಿಲ್ಲಿಸಿ ಶಾಮಿಯಾನ ಬಿಚ್ಚುವ ಪರಿಪಾಠವಿದೆ. ಅದು ನಿಲ್ಲಬೇಕು. ಕೊನೆಯ ಓಟಗಾರ ದಾಟುವವರೆಗೆ ಆ ಜಾಗಗಳು ಇದ್ದಂತೆಯೇ ಇರಬೇಕು.

ತಾವು ಮಾಡಬಹುದಾದ ಕೆಲಸ ಸುಲಭವಾದುದು. ಪ್ರತಿ ಓಟದ ಹಿಂದಿನ ದಿನ ಸಂಚಾರ ಮಾರ್ಗ ಬದಲಾವಣೆಯ ನಕ್ಷೆಯನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತೀರಿ. ಮುಂದಿನ ಓಟದ ಹೊತ್ತಿಗೆ ಅದೇ ನಕ್ಷೆಯ ಮೇಲೆ ಮನೆಯವರು ನಿಲ್ಲಬಹುದಾದ ಜಾಗಗಳು, ಅಲ್ಲಿಗೆ ಹೋಗುವ ತೆರೆದ ರಸ್ತೆಗಳು, ಓಟಗಾರರು ಬರುವ ಸಮಯ ಈ ಮೂರನ್ನು ಗುರುತಿಸಿಕೊಡುವಂತೆ ಸಂಘಟಕರನ್ನು ಕೇಳಿ ಪಡೆದು ಮುದ್ರಿಸಬೇಕೆಂದು ಕೋರುತ್ತೇನೆ. ಅದಕ್ಕೆ ಬೇರೆ ಪುಟವೂ ಬೇಕಿಲ್ಲ, ಹೆಚ್ಚಿನ ಅಂಕಣವೂ ಬೇಕಿಲ್ಲ.

ವಂದನೆಗಳೊಂದಿಗೆ,
ಪತ್ರಿಕೆಯ ಓದುಗ, ಹೊಸ ಓಟಗಾರ